"ಆಗ್ತದ" ಅಂದು ಕಳಿಸಿದ್ದು ಸಾಕು: ಓದುಗರ ಪ್ರಶ್ನೆ, ಶಾಸಕರ ಉತ್ತರ

ಪತ್ರಿಕಿಯವ್ರು ಒಂದು ಕವರ್ ತುಂಬ ಪತ್ರ ಕಳಿಸ್ಯಾರ, ವಾಟ್ಸಾಪಿನಾಗ ಬಂದದ್ದೂ ಪ್ರಿಂಟ್ ತಗದು ಅದರಾಗೇ ಇಟ್ಟಾರ. ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲಾದಿಂದ ಬಂದಾವ. ಎರಡು ರಾತ್ರಿ ಕೂತು ಓದೀನಿ. ಎಲ್ಲಾದಕ್ಕೂ ಉತ್ತರ ಬರೀಲಾಕ ಜಾಗ ಸಾಲಂಗಿಲ್ಲ, ಹಂಗಾಗಿ ಭಾಳ ಮಂದಿ ಕೇಳಿದ್ದು ಆರಿಸ್ಕೊಂಡೀನಿ, ಬೈದು ಬರದದ್ದನ್ನ ಮೊದಲ ಇಟ್ಟೀನಿ. ನನ್ನ ಹೆಸರು, ಕ್ಷೇತ್ರ, ಪಾರ್ಟಿ ಹಾಕಬ್ಯಾಡ್ರಿ ಅಂತ ಸಂಪಾದಕರಿಗಿ ನಾನೇ ಕೇಳ್ಕೊಂಡೀನಿ, ಯಾಕಂದ್ರ ಅದು ಬಂತಂದ್ರ ಅರ್ಧ ಮಂದಿ ಮಾತು ಬಿಟ್ಟು ಬಾವುಟದ ಬಣ್ಣ ನೋಡ್ತಾರ. ಈ ಮೂರು ಜಿಲ್ಲಾದಾಗೇ ಹುಟ್ಟಿ ಬೆಳದಾಂವ, ಗೆದ್ದೂ ನೋಡೀನಿ, ಸೋತೂ ನೋಡೀನಿ, ಇಷ್ಟು ಸಾಕು.

ಪ್ರಶ್ನೆ (ಆಳಂದ ತಾಲೂಕಿನ ಓದುಗರು): ಎಲೆಕ್ಷನ್ ಮುಂದ ಮನಿ ಬಾಗಲಿಗಿ ಬಂದು ಕೈ ಮುಗೀತೀರಿ. ಗೆದ್ದ ಮ್ಯಾಲ ಫೋನ್ ಮಾಡಿದ್ರ ಪಿಎ ಎತ್ತಿ "ಸಾಹೇಬ್ರು ಮೀಟಿಂಗಿನಾಗ ಅದಾರ" ಅಂತಾನ. ನಿಮ್ಮನ್ನ ನಾವು ಯಾಕ ನಂಬಬೇಕು?

ಉತ್ತರ: ನಂಬ್ರಿ ಅಂತ ನಾ ಕೇಳಂಗಿಲ್ರಿ, ಅದು ಕೇಳಿ ಪಡಕೊಳ್ಳೋದಲ್ಲ. ಫೋನಿಂದು ಹೇಳ್ತೀನಿ, ದಿನಾ ನೂರು ನೂರೈವತ್ತು ಬರ್ತಾವ, ಅದರಾಗ ಅರ್ಧ ಮದುವಿ, ಜಾತ್ರಿ, ಕಾರ್ಯಕ್ರಮಕ್ಕ ಕರಿಯೋವು, ಎಲ್ಲಾ ಎತ್ತಲಾಕ ಆಗಂಗಿಲ್ಲ ಅನ್ನೋದು ಖರೇ ಅದ. ಆದ್ರ ಮಂದಿ ವಿಶ್ವಾಸ ಕಳಕೊಂಡದ್ದು ನಾವು ಫೋನ್ ಎತ್ತಲಿಲ್ಲ ಅಂತಲ್ಲ, ಎತ್ತಿದಾಗ ಏನು ಹೇಳ್ತೀವಿ ಅದಕ್ಕ ಕಳಕೊಂಡಾರ ಅಂತ ನನಗ ಈಗ ಅನಿಸ್ತದ. ನಾವು ಹೇಳೋದು ಒಂದೇ ಮಾತು, "ಆಗ್ತದ".

ಮೊದಲ ಸಲ ಗೆದ್ದಾಗಿಂದು. ಸೋಮವಾರ ಸೋಮವಾರ ಮನಿ ಪಡಸಾಲ್ಯಾಗ ಕೂತು ಅರ್ಜಿ ತಗೋತಿದ್ದೆ. ಒಬ್ಬ ಆಯಿ ಬಂದ್ಳು, ಕೈಯಾಗ ಬಟ್ಟಿ ಅಂಗಡಿ ಪ್ಲಾಸ್ಟಿಕ್ ಚೀಲ, ಅದರಾಗ ಲ್ಯಾಮಿನೇಶನ್ ಮೂಲಿ ಬಿಟ್ಟ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ವೋಟರ್ ಕಾರ್ಡು, ನಾಕು ಝೆರಾಕ್ಸು, ಎಲ್ಲಾದಕ್ಕೂ ಸುತ್ತಿ ಒಂದು ರಬ್ಬರು. "ಯಪ್ಪಾ, ನನ್ನ ಪಗಾರ ನಿಂತದ" ಅಂದ್ಳು. ನಮ್ ಕಡಿ ಪಿಂಚಣಿಗಿ ಪಗಾರ ಅಂತಾರ, ಸಂಧ್ಯಾ ಸುರಕ್ಷಾ, ಈಗ ತಿಂಗಳಿಗಿ 1,200 ಅದ, ಆಗ ಅದಕ್ಕಿಂತ ಭಾಳ ಕಮ್ಮಿ ಇತ್ತು. ನಾ "ಆಗ್ತದ ಆಯಿ, ಹೋಗು" ಅಂದೆ, ಅರ್ಜಿ ಮ್ಯಾಲ ಸಹಿ ಮಾಡಿ ಪಿಎ ಕೈಗಿ ಕೊಟ್ಟೆ. ಎರಡನೇ ಸಲ ಬಂದಾಗೂ ಅದೇ ಅಂದೆ. ಮೂರನೇ ಸಲ ಆಕಿ ಗುರ್ತೇ ನನಗ ಹತ್ತಲಿಲ್ಲ, ಆದ್ರೂ "ಆಗ್ತದ" ಅಂದೆ. ನಾಕನೇ ಸಲ ಬಂದಾಗ ಚೀಲ ಬಿಚ್ಚಲೇ ಇಲ್ಲ, ಸಿಟ್ಟೂ ಮಾಡ್ಲಿಲ್ಲ, "ಯಪ್ಪಾ, ಆಗಂಗಿಲ್ಲ ಅಂತ ಮೊದಲ ದಿನಾನೇ ಹೇಳಿದ್ರ ನನ್ನ ಟಂಟಂ ರೊಕ್ಕಾರ ಉಳೀತಿತ್ತು" ಅಂದ್ಳು.

ಆವತ್ತ ಒಬ್ಬ ಹುಡುಗನ್ನ ಆಕಿ ಸಂಗಟ ಬ್ಯಾಂಕಿಗಿ, ನಾಡ ಕಚೇರಿಗಿ ಕಳಿಸಿದೆ. ಏನಾಗಿತ್ತಂದ್ರ ಆಧಾರಿನಾಗ ಆಕಿ ಹೆಸರಿನ ಕೊನಿಗಿ "ಅಮ್ಮ" ಇತ್ತು, ಪಾಸ್‌ಬುಕ್ಕಿನಾಗ "ಅವ್ವ" ಇತ್ತು. ಇಷ್ಟೇ. ಇಷ್ಟಕ್ಕ ಹನ್ನೊಂದು ತಿಂಗಳು ಪಗಾರ ಬಂದಿರಲಿಲ್ಲ, ಸರಿ ಮಾಡ್ಲಾಕ ಹಿಡದದ್ದು ಎರಡು ದಿನ. ನಾ ಬೇಕಂತ ಸುಳ್ಳು ಹೇಳಿದ್ದಲ್ಲ, ಎದುರಿಗಿ ಕೈ ಮುಗದು ನಿಂತವ್ರಿಗಿ ಇಲ್ಲ ಅನ್ನೋದು ನಾಲಿಗಿಗಿ ಭಾರ ಆಗ್ತದ, ಆ ಭಾರ ತಪ್ಪಿಸ್ಕೊಳ್ಳಾಕ "ಆಗ್ತದ" ಅಂತೀವಿ, ಆದ್ರ ನನ್ನ ನಾಲಿಗಿ ಹಗರ ಆಗಿದ್ದಕ್ಕ ಆಕಿ ನಾಕು ಸಲ ಹೋಗಿ ಬರೋ ಚಾರ್ಜ್ ಕೊಟ್ಟಾಳ.

ಅಲ್ಲಿಂದ ಒಂದು ಲಾಂಗ್‌ಬುಕ್ ಇಟ್ಟೀನಿ. ಯಾರೇ ಬರ್ಲಿ, ಊರು, ಕೆಲ್ಸ, ಅದು ಯಾರ ಕೈಯಾಗ ಅದ, ನಾವು ಯಾವಾಗ ತಿರುಗಿ ಹೇಳ್ಬೇಕು, ಎಲ್ಲಾ ಬರೀತೀವಿ. ಆಗದದ್ದಕ್ಕ ಆಗಂಗಿಲ್ಲ ಅಂತ ಅಲ್ಲೇ ಹೇಳ್ತೀನಿ. ನಮ್ಮ ಹುಡುಗರೇ "ಸಾಹೇಬ್ರ, ಹಿಂಗ ಮುಖದ ಮ್ಯಾಲ ಹೇಳಿದ್ರ ವೋಟ್ ಹೋಗ್ತಾವ್ರಿ" ಅಂದ್ರು. ಒಂದಿಷ್ಟು ಹೋಗಿರಬೇಕು. ಆದ್ರ ಆಗಂಗಿಲ್ಲ ಅಂತ ಕೇಳಿಸ್ಕೊಂಡು ಹೋದವ್ರು ಮುಂದ ಬ್ಯಾರೆ ಕೆಲ್ಸಕ್ಕ ನನ್ನ ಹತ್ರಾನೇ ಬಂದಾರ, "ಇವ್ರು ಇದ್ದದ್ದು ಹೇಳ್ತಾರ" ಅಂತ ಬಾಜೂದವ್ರನ್ನೂ ಕರಕೊಂಡು ಬಂದಾರ.

ಪ್ರಶ್ನೆ (ಬೀದರದ ಓದುಗರು): ಶಾಸಕರ ಆಸ್ತಿ ಎಷ್ಟದ ಅಂತ ನಮ್ಮಂಥವ್ರಿಗಿ ಹ್ಯಾಂಗ ಗೊತ್ತಾಗ್ಬೇಕು?

ಉತ್ತರ: ನಮ್ಮ ಬಾಯಿಂದ ಕೇಳಬ್ಯಾಡ್ರಿ, ಕಾಗದ ನೋಡ್ರಿ. ನಾಮಿನೇಷನ್ ಸಂಗಟ ಕೊಟ್ಟ ಅಫಿಡವಿಟ್ಟಿನಾಗ ಹೊಲ, ಮನಿ, ಬಂಗಾರ, ಸಾಲ, ಕೇಸು, ಓದು, ಹೆಂಡ್ತಿ ಹೆಸರಿಲೆ ಇದ್ದದ್ದು ಎಲ್ಲಾ ಇರ್ತದ. ಸುಪ್ರೀಂ ಕೋರ್ಟ್ 2002ರಾಗ ಕೊಟ್ಟ ತೀರ್ಪಿನಿಂದ ಬಂದ ಪದ್ಧತಿ ಅದು, ಚುನಾವಣಾ ಆಯೋಗದ ವೆಬ್‌ಸೈಟಿನಾಗ ರೊಕ್ಕ ಕೊಡದೇ ಸಿಗ್ತದ. ಇನ್ನೊಂದು ಭಾಳ ಮಂದಿಗಿ ಗೊತ್ತಿಲ್ಲ, 1984ರ ಕರ್ನಾಟಕ ಲೋಕಾಯುಕ್ತ ಕಾಯ್ದಿ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರ ಒಳಗ ಆಸ್ತಿ, ಸಾಲದ ಲೆಕ್ಕ ಲೋಕಾಯುಕ್ತಕ್ಕ ಕೊಡ್ಬೇಕು. ಹಳೇ ಅಫಿಡವಿಟ್ಟು ಹೊಸ ಅಫಿಡವಿಟ್ಟು ಎರಡೂ ಬಾಜೂಕ ಬಾಜೂಕ ಇಟ್ಟು ನೋಡ್ರಿ, ಹೆಚ್ಚಾಗಿದ್ರ ಹ್ಯಾಂಗ ಹೆಚ್ಚಾತು ಅಂತ ಕೇಳ್ರಿ. ಕೇಳೋದು ಅವಮಾನ ಮಾಡಿದಂಗ ಅಲ್ಲ, ನಿಮ್ಮ ಹಕ್ಕದು.

ಪ್ರಶ್ನೆ (ಕಲಬುರಗಿಯಲ್ಲಿ ಪಿಜಿ ಓದೋ ವಿದ್ಯಾರ್ಥಿನಿ): ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ಬಂದು ಹತ್ತು ವರ್ಷದ ಮ್ಯಾಲಾತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗಿ ಸಾವಿರಾರು ಕೋಟಿ ಅಂತ ಪೇಪರಿನಾಗ ಓದ್ತೀವಿ. ನಮ್ಮೂರ ಸಾಲ್ಯಾಗ ಮಾತ್ರ ಮಾಸ್ತರ್ ಇಲ್ಲ. ಆ ರೊಕ್ಕ ಎಲ್ಲಿ ಹೋಗ್ತದ ಸರ್?

ಉತ್ತರ: ತಂಗಿ, ನೀ ಕೇಳಿದ್ದು ಈ ಕವರಿನಾಗ ಎಲ್ಲಾಕಿಂತ ಮುಖ್ಯ ಪ್ರಶ್ನೆ ಅದ. ದೇಶಕ್ಕ 1947ರ ಆಗಸ್ಟಿನಾಗ ಸ್ವಾತಂತ್ರ್ಯ ಬಂತು, ನಮ್ಮ ಹಿರಿಯರು ನಿಜಾಮನ ಕೈಯಿಂದ ಬಿಡುಗಡಿ ಆಗಿದ್ದು 1948ರ ಸೆಪ್ಟೆಂಬರ್ 17ರ ಹೊತ್ತಿಗಿ. ಹಿಂದ ಉಳದದ್ದು ಎಷ್ಟು ಅಂತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಾಗ ಲೆಕ್ಕ ಹಾಕಿ ಕೊಡ್ತು, ಇಡೀ ರಾಜ್ಯದಾಗ 114 ತಾಲೂಕು ಹಿಂದುಳದಾವ, ಅದರಾಗ 39 ಅತ್ಯಂತ ಹಿಂದುಳದಾವ, ಆ 39ರಾಗ 21 ನಮ್ಮ ಗುಲಬರ್ಗಾ ವಿಭಾಗದಾಗೇ ಅವ ಅಂತ. ವೈಜನಾಥ ಪಾಟೀಲರಂಥವ್ರು ವರ್ಷಗಟ್ಟಲೆ ಬೀದಿಗಿಳದು ಹೋರಾಡಿದ್ರು, ಆ ಮ್ಯಾಲ 2012ರ ಡಿಸೆಂಬರಿನಾಗ ಪಾರ್ಲಿಮೆಂಟಿನಾಗ ಸಂವಿಧಾನದ 98ನೇ ತಿದ್ದುಪಡಿ ಪಾಸಾಗಿ 371(ಜೆ) ಬಂತು. ಇದು ಯಾರೋ ದಾನ ಕೊಟ್ಟದ್ದಲ್ಲ, ಹೋರಾಡಿ ಪಡದದ್ದು, ಅದಕ್ಕೇ ಅದರ ಒಂದೊಂದು ರೂಪಾಯಿ ಬಗ್ಗೆ ನಾವು ಕೇಳ್ಬೇಕು.

ಏನೂ ಆಗಿಲ್ಲ ಅನ್ನೋದು ಸುಳ್ಳಾಗ್ತದ. ಇಲ್ಲಿನ ಕಾಲೇಜಿನಾಗ ನಮ್ಮ ಮಕ್ಕಳಿಗಿ 70 ಪರ್ಸೆಂಟ್ ಸೀಟು, ಉಳಿದ ರಾಜ್ಯದಾಗ 8 ಪರ್ಸೆಂಟ್, ನೌಕರ್ಯಾಗೂ ಸ್ಥಳೀಯರಿಗಿ ಮೀಸಲಾತಿ ಅದ. ನಮ್ಮ ಓಣಿ ಟೇಲರ್ ಮಗಳು ಇವತ್ತ ಸರ್ಕಾರಿ ದವಾಖಾನ್ಯಾಗ ಡಾಕ್ಟರ್ ಅದಾಳ, ಆ ಸೀಟು ಇಲ್ದಿದ್ರ ಆಗ್ತಿರಲಿಲ್ಲ ಅಂತ ಅವ್ರಪ್ಪನೇ ಹೇಳ್ತಾನ.

ಇನ್ನ ಮಂಡಳಿ ರೊಕ್ಕ. 2022-23ರ ಬಜೆಟಿನಾಗ 3,000 ಕೋಟಿ ಅಂದ್ರು, 2023-24ರಾಗ 5,000 ಕೋಟಿ ಅಂದ್ರು. ಇಲ್ಲಿ ಮಂದಿ ಒಂದು ತಿಳ್ಕೊಬೇಕು, ಘೋಷಣಾ ಬ್ಯಾರೆ, ಬಿಡುಗಡಿ ಬ್ಯಾರೆ, ಖರ್ಚು ಬ್ಯಾರೆ. ಬಜೆಟಿನಾಗ ಹೇಳಿದ್ದು ಆವತ್ತೇ ಊರಿಗಿ ಬರಂಗಿಲ್ಲ, ಕ್ರಿಯಾ ಯೋಜನಾ ಆಗ್ಬೇಕು, ಮಂಜೂರಾತಿ ಸಿಗ್ಬೇಕು, ಟೆಂಡರ್ ಆಗ್ಬೇಕು, ಅಷ್ಟೊತ್ತಿಗಿ ಮಾರ್ಚ್ ಬಂದಿರ್ತದ. ಎರಡನೇದು ನಮ್ಮದೇ ತಪ್ಪು. ಮಂಡಳಿ ರೊಕ್ಕದಾಗ ಕೋಣಿ ಕಟ್ಟಬಹುದು, ಕಾಯಂ ಮಾಸ್ತರನ್ನ ತುಂಬ್ಬೇಕಂದ್ರ ಅದು ಶಿಕ್ಷಣ ಇಲಾಖಿ, ಹಣಕಾಸು ಇಲಾಖಿ ದಾಟಿ ಬರ್ಬೇಕು, ವರ್ಷಗಟ್ಟಲೆ ಬೆನ್ನ ಹತ್ತಬೇಕು. ಕೋಣಿ ಕಟ್ಟಿದ್ರ ಗೋಡಿಗಿ ಕಲ್ಲು ಹಾಕಿ ನಮ್ಮ ಹೆಸರು ಕೆತ್ತಸ್ತಾರ, ಮಾಸ್ತರ್ ಬಂದ್ರ ಯಾವ ಕಲ್ಲೂ ಹಾಕಂಗಿಲ್ಲ. ಹಂಗಾಗಿ ನಾವೆಲ್ಲಾ ಕೋಣಿ ಕೇಳಿದ್ವಿ.

ಹೋದ ವರ್ಷ ಒಂದು ಸಾಲಿಗಿ ಹೋಗಿದ್ದೆ, ನಾನೇ ಉದ್ಘಾಟನಾ ಮಾಡಿದ್ದು. ಮೂರು ಹೊಸ ಕೋಣಿ, ಬಣ್ಣ ಇನ್ನೂ ಹೊಳೀತಿತ್ತು, ನನ್ನ ಹೆಸರಿನ ಕಲ್ಲು ಬಾಗಲ ಬಾಜೂಕ. ಎರಡಕ್ಕ ಕೀಲಿ ಬಿದ್ದಿತ್ತು, ಮೂರನೇದರಾಗ ಎರಡು, ಮೂರು, ನಾಕನೇತ್ತ ಎಲ್ಲಾ ಒಂದೇ ಕಡಿ ಕೂತಿದ್ರು. ಯಾಕ್ರಿ ಕೀಲಿ ಅಂದೆ. "ಬ್ಯಾರೆ ಬ್ಯಾರೆ ಕೂಡ್ಸಿದ್ರ ನೋಡ್ಕೊಳ್ಳೋರು ಯಾರ್ರೀ ಸಾಹೇಬ್ರ, ನಾನೊಬ್ಬನೇ ಇದ್ದೀನಿ" ಅಂದ್ರು ಹೆಡ್‌ಮಾಸ್ತರ್. ಆ ಕೀಲಿ ಅವ್ರ ಜೇಬಿನಾಗೇ ಇದ್ವು, ತಗದು ತೋರಿಸಿದ್ರು. ಅದಾದ ಮ್ಯಾಲ ನಾನು ಕೋಣಿಗಿ ಪತ್ರ ಕೊಡೋಕಿಂತ ಮೊದಲ ಆ ಸಾಲ್ಯಾಗ ಎಷ್ಟು ಹುದ್ದಿ ಖಾಲಿ ಅವ ಅಂತ ಬರಸ್ಕೊಳ್ತೀನಿ. ಖಾಲಿ ಹುದ್ದಿ ಬಗ್ಗೆ ಸದನದಾಗ ಪ್ರಶ್ನೆ ಹಾಕೀನಿ, ಉತ್ತರಾನೂ ಬಂದಾವ. ಮಾಸ್ತರ್ ಬಂದಾರಾ ಅಂದ್ರ ಎಲ್ಲಾ ಸಾಲಿಗಿ ಬಂದಿಲ್ಲ.

ಪ್ರಶ್ನೆ (ಗುರುಮಠಕಲ್‌ನಿಂದ ಒಬ್ಬರು): ಶಾಸಕರಿಗಿ ವರ್ಷಕ್ಕ 2 ಕೋಟಿ ಗ್ರಾಂಟ್ ಬರ್ತದಂತ, ಅದರಾಗ ನೀವು ಎಷ್ಟು ಇಟ್ಕೊಳ್ತೀರಿ?

ಉತ್ತರ: ನೇರ ಕೇಳೀರಿ, ಛಲೋ ಆತು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ಅದರ ಹೆಸರು, ವರ್ಷಕ್ಕ 2 ಕೋಟಿ, ಆದ್ರ ಆ ರೊಕ್ಕ ನಮ್ಮ ಕೈಗೆ, ನಮ್ಮ ಖಾತೆಗೆ ಬರಂಗಿಲ್ಲ. ಇಂಥ ಕೆಲ್ಸ ಆಗ್ಬೇಕು ಅಂತ ನಾವು ಡಿಸಿ ಅವ್ರಿಗಿ ಲೆಟರ್ ಕೊಡ್ತೀವಿ, ಎಂಜಿನಿಯರ್ ಎಸ್ಟಿಮೇಟ್ ಮಾಡ್ತಾರ, ಮಂಜೂರಾತಿ ಆಗ್ತದ, ಏಜೆನ್ಸಿ ಕೆಲ್ಸ ಮಾಡ್ತದ, ಬಿಲ್ ಆಗ್ತದ. ಹಳ್ಳಿ, ತಾಂಡಾ ಎಲ್ಲಾ ಸೇರಿ ಕ್ಷೇತ್ರಕ್ಕ ನೂರು ಊರು ಅಂತ ಹಿಡಿರಿ, ಒಂದೂರಿಗಿ ವರ್ಷಕ್ಕ 2 ಲಕ್ಷ, ಎರಡು ಲಕ್ಷದಾಗ ಸಿಸಿ ರೋಡು ಎಷ್ಟು ದೂರ ಹೋಗ್ತದ ನೀವೇ ಹೇಳ್ರಿ. ಹಂಗಾಗಿ ಯಾರಿಗಿ ಕೊಡ್ಬೇಕು ಯಾರಿಗಿ ಬಿಡ್ಬೇಕು ಅನ್ನೋದು ಬರ್ತದ, ಅಲ್ಲೇ ಜಾತಿ, ಬೂತಿನಾಗ ಬಿದ್ದ ವೋಟು, ನಮ್ಮವ್ರು ಅವ್ರವ್ರು ಅನ್ನೋ ಲೆಕ್ಕ ಬಂದು ಕೂಡ್ತದ. ನಾನೂ ಅದೇ ಲೆಕ್ಕ ಮಾಡೀನಿ ಮೊದಲ.

ನಾ ರೊಕ್ಕ ಇಟ್ಕೊಂಡಿಲ್ಲ. ಆದ್ರ ಅಷ್ಟೇ ಹೇಳಿ ಬಿಟ್ರ ನಿಮಗ ಅರ್ಧ ಉತ್ತರ ಕೊಟ್ಟಂಗ. ಒಂದು ತಾಂಡಾದಾಗ ಸಿಸಿ ರೋಡ್ ಮಾಡಿಸಿದ್ವಿ, ಕೆಲ್ಸ ಹಿಡದಾಂವ ಎಲೆಕ್ಷನ್ನಾಗ ನನ್ನ ಸಂಗಟ ಓಡಾಡಿದಾಂವ. ಮೊದಲ ಮಳಿಗೇ ರೋಡಿನ ಅಂಚು ಬಿಸ್ಕೀಟ್ ಮುರದಂಗ ಮುರೀಲಾಕ ಹತ್ತಿತ್ತು. ನಾ ಕಾರಿನಿಂದ ಇಳದು ಚಪ್ಪಲಿ ತುದಿಲೆ ಒತ್ತಿ ನೋಡಿದೆ, ಪುಡಿ ಉದುರ್ತು. ತಾಂಡಾದ ಹುಡುಗರು ಸುತ್ತ ನಿಂತಿದ್ರು, ಯಾರೂ ಮಾತಾಡ್ಲಿಲ್ಲ, ನನ್ನ ಮುಖ ನೋಡ್ಲಾಕತ್ತಿದ್ರು. "ರಿಪೇರಿ ಮಾಡಸ್ತೀನಿ" ಅಂದು ಕಾರ್ ಹತ್ತಿದೆ. ಬಿಲ್ ನಿಲ್ಲಸ್ರಿ ಅಂತ ಒಂದು ಲೆಟರ್ ಕೊಡ್ಬಹುದಿತ್ತು, ಕೊಡ್ಲಿಲ್ಲ, ನಮ್ಮವ ಅಂತ ಸುಮ್ನಾದೆ. ಆ ಊರಿನಾಗ ಮುಂದ ನನಗ ವೋಟ್ ಕಮ್ಮಿ ಬಿತ್ತು, ಬೀಳಬೇಕಾದ್ದೇ. ಈಗ ಒಂದು ಪದ್ಧತಿ ಮಾಡೀನಿ, ಕೆಲ್ಸ ಯಾವುದು, ಎಷ್ಟು ರೊಕ್ಕ, ಎಷ್ಟು ಉದ್ದ, ಎಷ್ಟು ದಪ್ಪ ಅಂತ ಎಸ್ಟಿಮೇಟಿನ ಒಂದು ಝೆರಾಕ್ಸ್ ಊರ ಅಗಸಿ ಹತ್ರ ಅಂಟಸ್ಲಾಕ ಹಚ್ಚೀನಿ. ಊರ ಹುಡುಗರು ಟೇಪ್ ಹಿಡದು ಅಳೀತಾರ. ಕಾಂಟ್ರಾಕ್ಟರಿಗಿ ಸಿಟ್ಟು ಬರ್ತದ, ಬರ್ಲಿ.

ನಿಮ್ಮೂರಾಗೂ ನೀವು ಇದು ಮಾಡಬಹುದು, 2005ರ ಮಾಹಿತಿ ಹಕ್ಕು ಕಾಯ್ದಿ ಒಳಗ ಹತ್ತು ರೂಪಾಯಿ ಅರ್ಜಿ ಹಾಕಿ ಎಸ್ಟಿಮೇಟು, ಅಳತಿ ಪುಸ್ತಕದ ಕಾಪಿ ಕೇಳ್ರಿ. 30 ದಿನದಾಗ ಕೊಡ್ಬೇಕು.

ಪ್ರಶ್ನೆ (ಜೇವರ್ಗಿ ತಾಲೂಕಿನ ಗ್ರಾಮ ಪಂಚಾಯತಿ ಸದಸ್ಯೆ): ನಾನೂ ಮಂದಿ ಆರಿಸಿ ಕಳಿಸಿದಾಕಿ. ಆದ್ರ ಊರಾಗ ಚರಂಡಿ, ಬೋರು ಏನೇ ಆಗ್ಬೇಕಂದ್ರೂ ಮಂದಿ ಶಾಸಕರ ಮನಿಗಿ ಹೋಗ್ತಾರ, ಪಿಡಿಒ ಕೂಡ "ಸಾಹೇಬ್ರಿಗಿ ಕೇಳಿ ಹೇಳ್ತೀನಿ" ಅಂತಾರ. ಹಂಗಾದ್ರ ನಾವು ಯಾಕ ಇರ್ಬೇಕ್ರಿ?

ಉತ್ತರ: ಅಕ್ಕಾವ್ರ, ನಿಮ್ಮ ಪತ್ರ ಮೂರು ಸಲ ಓದೀನಿ. ನೀವು ಬರದದ್ದು ಖರೇ ಅದ, ಅದಕ್ಕ ನಾವು ಶಾಸಕರೇ ಕಾರಣ, ಎಲ್ಲಾ ಪಾರ್ಟಿಯವ್ರೂ.

ನಮ್ಮ ರಾಜ್ಯಕ್ಕ ಪಂಚಾಯತಿ ವಿಷಯದಾಗ ದೊಡ್ಡ ಹೆಸರಿತ್ತು. ಅಬ್ದುಲ್ ನಜೀರ್ ಸಾಬರು ಮಂತ್ರಿ ಇದ್ದಾಗ ಬಂದ ಕಾಯ್ದಿ ಮ್ಯಾಲ 1987ರಾಗ ಜಿಲ್ಲಾ ಪರಿಷತ್, ಮಂಡಲ ಪಂಚಾಯತಿ ಎಲೆಕ್ಷನ್ ಆದ್ವು, ಪಂಚಾಯತಿಗಿ ಸಂವಿಧಾನದಾಗ ಜಾಗ ಕೊಟ್ಟ 73ನೇ ತಿದ್ದುಪಡಿ ದೇಶಕ್ಕ ಬರೋಕಿಂತ ಮೊದಲೇ. ಬೋರ್‌ವೆಲ್ ಹಾಕಿಸಿದ್ದಕ್ಕ ಮಂದಿ ಅವ್ರಿಗಿ ನೀರು ಸಾಬ್ ಅಂತಿದ್ರು. 1993ರಾಗ ಈಗಿನ ಕಾಯ್ದಿ ಬಂತು, ಆ ಮ್ಯಾಲ ಹೆಣ್ಮಕ್ಕಳಿಗಿ ಅರ್ಧ ಸೀಟು ಬಂತು. ಅಂಥ ರಾಜ್ಯದಾಗ ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿ ಅವಧಿ 2021ರಾಗ ಮುಗೀತು, ಕ್ಷೇತ್ರ ವಿಂಗಡಣಾ ಅಂದ್ರು, ಮೀಸಲಾತಿ ಅಂದ್ರು, ಕೋರ್ಟು ಅಂದ್ರು, ವರ್ಷ ವರ್ಷ ಮುಂದ ಹೋತು, ಆಡಳಿತಾಧಿಕಾರಿ ಕೈಯಾಗ ನಡೀತು. ಸರ್ಕಾರ ಬದಲಾದ್ರೂ ಇದು ಬದಲಾಗ್ಲಿಲ್ಲ. ಯಾಕಂದ್ರ, ಬಿಚ್ಚಿ ಹೇಳ್ತೀನಿ, ಜಿಲ್ಲಾ ಪಂಚಾಯತಿ ಸದಸ್ಯ ಇಲ್ಲಂದ್ರ ಎಲ್ಲಾ ಅರ್ಜಿ ಶಾಸಕರ ಪಡಸಾಲಿಗೇ ಬರ್ತಾವ. ಮುಂದ ನಮಗೇ ಎದುರು ನಿಲ್ಲೋ ಹುರಿಯಾಳು ತಯಾರಾಗೋ ಜಾಗಾನೂ ಅದೇ. ಅದಕ್ಕ ಎಲೆಕ್ಷನ್ ತಡ ಆದ್ರ ಒಳಗೊಳಗ ಯಾವ ಶಾಸಕನಿಗೂ ದುಃಖ ಆಗಂಗಿಲ್ಲ. ನಾನೂ ಸದನದಾಗ ಇದರ ಬಗ್ಗೆ ಗಟ್ಟಿಯಾಗಿ ಎದ್ದು ಮಾತಾಡಿದವ ಅಲ್ಲ. ತಪ್ಪಾಗ್ಯಾದ.

ಇದರಿಂದ ಹಾಳಾಗಿದ್ದು ವಿಶ್ವಾಸ ನೋಡ್ರಿ. ಚರಂಡಿ ತುಂಬಿದ್ರ ಮೂವತ್ತು ಕಿಲೋಮೀಟರ್ ದೂರ ಇರೋ ಶಾಸಕ ಬರ್ಬೇಕು ಅಂದ್ರ ಆ ಕೆಲ್ಸ ಯಾವತ್ತೂ ಹೊತ್ತಿಗಿ ಸರಿ ಆಗಂಗಿಲ್ಲ. ಆಗ ಮಂದಿ ಶಾಸಕನ್ನೂ ಬೈತಾರ, ಪಂಚಾಯತೀನೂ ಬೈತಾರ. ಯಾರ ಕೆಲ್ಸ ಯಾರದು ಅನ್ನೋದೇ ಅಳಿಸಿ ಹೋದ ಮ್ಯಾಲ ಯಾರಿಗಿ ಕೇಳ್ಬೇಕು ಅಂತ ಅವ್ರಿಗಾರ ಹ್ಯಾಂಗ ಗೊತ್ತಾಗ್ತದ. ಶಾಸಕನ ಕೆಲ್ಸ ಕಾಯ್ದಿ ಮಾಡೋದು, ಬಜೆಟ್ ನೋಡೋದು, ಸರ್ಕಾರಕ್ಕ ಪ್ರಶ್ನೆ ಕೇಳೋದು. ನಾವು 224 ಮಂದಿ ಅದೀವಿ ವಿಧಾನಸಭೆದಾಗ, ಚರಂಡಿ ನೋಡ್ಕೋತ ಬಜೆಟ್ ಓದೋದು ಬಿಟ್ಟೀವಿ.

ನಿಮ್ಮ ಕೈಯಾಗ ಒಂದು ಗಟ್ಟಿ ಹತಾರ ಅದ, ಗ್ರಾಮ ಸಭಾ. ಆರು ತಿಂಗಳಿಗಿ ಒಂದ್ಸಲ ಕರೀಲೇಬೇಕು, ಅದಕ್ಕಿಂತ ಮೊದಲ ವಾರ್ಡ್ ಸಭಾ. ಮನಿ ಯಾರಿಗಿ ಸಿಗ್ಬೇಕು ಅನ್ನೋ ಫಲಾನುಭವಿ ಆಯ್ಕೆ ಅಲ್ಲೇ ಆಗ್ಬೇಕು. ಎಷ್ಟೋ ಕಡಿ ಇದು ಪುಸ್ತಕದಾಗ ನಡೀತದ, ಮನಿ ಮನಿಗಿ ಪುಸ್ತಕ ಕಳಿಸಿ ಸಹಿ ಹಾಕಸ್ತಾರ, ಸಭಾ ಆಗಿರಂಗೇ ಇಲ್ಲ. ನೀವು ಆ ಪುಸ್ತಕಕ್ಕ ಸಹಿ ಹಾಕಬ್ಯಾಡ್ರಿ. ನಿಮ್ಮ ವಾರ್ಡಿನ ಹತ್ತು ಮಂದಿ ಹೆಣ್ಮಕ್ಕಳನ್ನ ಕರಕೊಂಡು ಬಂದು ಕೂಡ್ರಿ, ಹೇಳಿದ್ದು ಠರಾವಿನಾಗ ಬರಸ್ರಿ, ಕಾಪಿ ತಗೋರಿ. ಇನ್ನೊಂದು ಮಾತು, ನಿಮ್ಮ ಪತ್ರದಾಗ ಬರದಿಲ್ಲ, ಆದ್ರೂ ಹೇಳ್ತೀನಿ, ಮೀಟಿಂಗಿಗಿ ನೀವೇ ಹೋಗ್ರಿ, ಮನಿಯವ್ರನ್ನ ಕಳಿಸಬ್ಯಾಡ್ರಿ. ನಮ್ ಕಡಿ ಒಂದು ಪಂಚಾಯತ್ಯಾಗ ಅಧ್ಯಕ್ಷರ ಕುರ್ಚಿ ಮ್ಯಾಲ ಅವ್ರ ಗಂಡ ಕೂತಿದ್ದ, ಅಧ್ಯಕ್ಷರು ಬಾಗಲ ಹತ್ರ ಸೆರಗು ಹೊತ್ಕೊಂಡು ನಿಂತಿದ್ರು. "ಅವ್ವಾ, ನೀವು ಕೂಡ್ರಿ, ನಾನೂ ಅಲ್ಲೀತನ ಕೂಡಂಗಿಲ್ಲ" ಅಂದೆ. ಆ ಗಂಡ ಎದ್ದ. ಎದ್ದ ಮ್ಯಾಲ ಆಕಿ ಎಷ್ಟು ಚೆಂದ ಮಾತಾಡಿದ್ರು ಅಂದ್ರ, ಊರಾಗಿನ ನಾಕು ನೀರಿನ ಟಾಕಿ ಪೈಕಿ ಯಾವುದರಾಗ ಎಷ್ಟು ಹೊತ್ತು ನೀರ ಬರ್ತದ ಅಂತ ಗಂಟಿ ಸಮೇತ ಹೇಳಿದ್ರು, ಆ ಲೆಕ್ಕ ಪಿಡಿಒ ಹತ್ರಾನೂ ಇರಲಿಲ್ಲ.

ಪ್ರಶ್ನೆ (ಶಹಾಪುರದ ಓದುಗರು): ನಾವು ಒಂದು ಪಾರ್ಟಿಗಿ ವೋಟ್ ಹಾಕ್ತೀವಿ, ಗೆದ್ದಾಂವ ಇನ್ನೊಂದು ಪಾರ್ಟಿಗಿ ಹೋಗ್ತಾನ. ಕಾಯ್ದಿ ಇಲ್ಲೇನ್ರಿ?

ಉತ್ತರ: ಅದ. 1985ರಾಗ ಸಂವಿಧಾನಕ್ಕ ಹತ್ತನೇ ಅನುಸೂಚಿ ಸೇರಿಸಿ ಪಕ್ಷಾಂತರ ನಿಷೇಧ ತಂದ್ರು. ಆದ್ರ ರಾಜೀನಾಮಿ ಕೊಟ್ಟು ಹೋಗಿ ತಿರುಗಿ ಅದೇ ಕ್ಷೇತ್ರದಾಗ ನಿಲ್ಲೋ ದಾರಿ ಉಳದದ. 2019ರಾಗ ನಮ್ಮ ರಾಜ್ಯದಾಗ 17 ಶಾಸಕರನ್ನ ಸ್ಪೀಕರ್ ಅನರ್ಹ ಮಾಡಿದ್ರು, ಸುಪ್ರೀಂ ಕೋರ್ಟ್ ಆ ನವೆಂಬರಿನಾಗ ಅನರ್ಹತಿ ಸರಿ ಅಂತು, ಆದ್ರ ಉಪಚುನಾವಣ್ಯಾಗ ನಿಲ್ಲಬಹುದು ಅಂತು, ನಿಂತ್ರು, ಅದರಾಗ ಭಾಳ ಮಂದಿ ಗೆದ್ರು. ನನ್ನ ಅಭಿಪ್ರಾಯ ಕೇಳಿದ್ರ, ಪಾರ್ಟಿ ಬಿಡಬಹುದು, ಬಿಡಬಾರ್ದು ಅಂತಲ್ಲ, ಆದ್ರ ನಡುವ ಬಿಟ್ಟಾಂವ ಆ ಅವಧಿ ಮುಗಿಯೋತನ ಯಾವ ಎಲೆಕ್ಷನ್ನಿಗೂ ನಿಲ್ಲಬಾರ್ದು.

ಪ್ರಶ್ನೆ (ಚಿತ್ತಾಪುರ ತಾಲೂಕಿನ ರೈತರು): ತೊಗರಿಗಿ ನೆಟೆ ರೋಗ ಬಂದ ವರ್ಷ ಎಲ್ಲಾ ಪಾರ್ಟಿಯವ್ರು ಧರಣಿ ಟೆಂಟಿಗಿ ಬಂದು ಪರಿಹಾರ ಕೊಡಸ್ತೀವಿ ಅಂದ್ರಿ. ಹಾಕಿದ ಖರ್ಚಿನ ಕಾಲು ಭಾಗಾನೂ ಬರ್ಲಿಲ್ಲ.

ಉತ್ತರ: 2022-23ರ ಮಾತು. ಹೂವು, ಕಾಯಿ ಆಗೋ ಹೊತ್ತಿಗಿ ನಿಂತ ಗಿಡ ನಿಂತಂಗೇ ಒಣಗಿ ಹೋದ್ವು, ಹೊಲದಾಗ ಕಾಲಿಟ್ರ ಕಟಕಟ ಅಂತಿತ್ತು. ಆ ಟೆಂಟಿಗಿ ನಾನೂ ಬಂದಿದ್ದೆ, ಮೈಕ್ ಹಿಡದು ಪೂರಾ ಪರಿಹಾರ ಕೊಡಸ್ತೀವಿ ಅಂದಿದ್ದೆ. ರೂಲ್ಸ್ ಓದಿದ್ದು ಆ ಮ್ಯಾಲ. ಬರ, ನೆರಿ, ಆಣೆಕಲ್ಲು ಮಳಿ ಇವಕ್ಕ ವಿಪತ್ತು ಪರಿಹಾರದ ನಿಯಮದಾಗ ಜಾಗ ಅದ, ನೆಲದಾಗಿನ ಶಿಲೀಂಧ್ರದಿಂದ ಬರೋ ಈ ರೋಗಕ್ಕ ಅದರಾಗ ಜಾಗ ಇರಲಿಲ್ಲ. ಹಂಗಾಗಿ ರಾಜ್ಯ ಸರ್ಕಾರ ಬ್ಯಾರೆ ಪ್ಯಾಕೇಜ್ ಅಂತ ಹೆಕ್ಟೇರಿಗಿ 10 ಸಾವಿರ ಘೋಷಣಾ ಮಾಡ್ತು. ಒಂದು ಹೆಕ್ಟೇರ್ ಅಂದ್ರ ಎರಡೂವರಿ ಎಕರೆ, ಎಕರೆಗಿ 4 ಸಾವಿರ ಬಂದಂಗ, ಬೀಜ, ಗೊಬ್ಬರ, ಎಣ್ಣಿ ಹೊಡದದ್ದು, ಕಳೆ ತಗಸಿದ ಕೂಲಿ ಎಲ್ಲಾ ಹಿಡದ್ರ ಅದು ಯಾವ ಮೂಲಿಗೂ ಹತ್ತಂಗಿಲ್ಲ ಅಂತ ನಾನೂ ಒಕ್ಕಲುತನ ಮನಿಯವ, ನನಗ ಗೊತ್ತದ. ನಾ ಆವತ್ತ ಹೇಳ್ಬೇಕಾದ್ದು "ನಿಯಮದಾಗ ಇದಕ್ಕ ಜಾಗ ಇಲ್ಲ, ನಿಯಮ ಬದಲಿ ಮಾಡಸ್ಲಾಕ ಎಲ್ಲಾರೂ ಕೂಡಿ ಹೋಗೋಣ" ಅಂತ. ಚಪ್ಪಾಳಿ ಬೀಳ್ತಿರಲಿಲ್ಲ, ಆದ್ರ ನೀವು ಇಷ್ಟು ನಂಬಿ ಕೂಡ್ತಿರಲಿಲ್ಲ. 2019ರಾಗ ನಮ್ಮ ಕಲಬುರಗಿ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ ಬಂದಾಗ ಸಾಲು ಹಿಡದು ಫೋಟೋಕ್ಕ ನಿಂತವ್ರು ನಾವು, ಗಿಡ ಒಣಗಿದಾಗೂ ಅಷ್ಟೇ ಮುಂದ ನಿಲ್ಲಬೇಕಿತ್ತು. ಕೃಷಿ ವಿಜ್ಞಾನಿಗಳು ಒಂದೇ ಹೊಲದಾಗ ವರ್ಷ ವರ್ಷ ತೊಗರಿನೇ ಹಾಕಬ್ಯಾಡ್ರಿ ಅಂತ ಹೇಳ್ತಾರ, ಅದು ಸರಿ ಅದ, ಆದ್ರ ಬ್ಯಾರೆ ಬೆಳಿಗಿ ರೇಟ್ ಸಿಗೋ ಹಂಗ ಮಾಡದೇ ಬರೇ ಹೇಳಿದ್ರ ರೈತ ಹ್ಯಾಂಗ ಬಿಡ್ತಾನ.

ಪ್ರಶ್ನೆ (ಹುಮನಾಬಾದಿನ ಓದುಗರು): ಬರೇ ರಾಜಕಾರಣಿಗಳನ್ನ ಯಾಕ ಬೈಬೇಕು, ಮಂದೀನೂ ರೊಕ್ಕ ತಗೊಂಡೇ ವೋಟ್ ಹಾಕ್ತಾರಲ್ಲ?

ಉತ್ತರ: ಇದು ನಮ್ಮವ್ರು ಹೊಟೇಲಿನಾಗ ಸುಸಲಾ ತಿನ್ಕೋತ ದಿನಾ ಆಡೋ ಮಾತು, ನಾ ಒಪ್ಪಂಗಿಲ್ಲ. ತಗೊಂಡಾಕಿ ಐದು ವರ್ಷದಾಗ ಸರ್ಕಾರದಿಂದ ಕೈಗಿ ಬಂದದ್ದು ಅದೊಂದೇ ಅಂತ ತಿಳ್ಕೊಂಡಾಳ, ಕೊಟ್ಟಾಂವ ಮಾತ್ರ ಲೆಕ್ಕ ಹಾಕಿ ಕೊಟ್ಟಾನ. ಇಬ್ರ ತಪ್ಪೂ ಒಂದೇ ತೂಕ ಅಲ್ಲ. ಅಸೆಂಬ್ಲಿಗಿ ನಿಂತಾಂವ 40 ಲಕ್ಷದ ಮ್ಯಾಲ ಖರ್ಚು ಮಾಡಬಾರ್ದು ಅಂತ 2022ರಿಂದ ಮಿತಿ ಅದ, ಆದ್ರ ಪಾರ್ಟಿ ಮಾಡೋ ಖರ್ಚಿಗಿ ಮಿತಿನೇ ಇಲ್ಲ, ಆ ಬಾಗಲ ತೆರದೇ ಇಟ್ಟು ಮತದಾರರಿಗಿ ಬುದ್ಧಿ ಹೇಳೋದು ಸರಿ ಅಲ್ಲ.

ಪ್ರಶ್ನೆ (ಚಿಂಚೋಳಿ ತಾಲೂಕಿನ ತಾಂಡಾದಿಂದ, ಕಾಲೇಜು ಹುಡುಗಿ): ಸರ್, ಹುಡುಗ್ಯಾರಿಗಿ ಬಸ್ ಫ್ರೀ ಆಗ್ಯಾದ, ಆದ್ರ ನಮ್ಮ ತಾಂಡಾಕ್ಕ ಬಸ್ಸೇ ಬರಂಗಿಲ್ಲ. ಕ್ರಾಸ್‌ತನಕ ನಡದು ಹೋಗೋದ್ರಾಗ ಮೊದಲ ಪಿರಿಯಡ್ ಮುಗದಿರ್ತದ. ನೀವರ ಬಸ್ ಬಿಡಸ್ತೀರಾ?

ಉತ್ತರ: ನಿಮ್ಮೂರು ನನ್ನ ಕ್ಷೇತ್ರದಾಗ ಬರಂಗಿಲ್ಲವ್ವಾ, ಬಂದಿದ್ರೂ ಬಸ್ ಬಿಡೋದು ನನ್ನ ಕೈಯಾಗಿಲ್ಲ, ಅದು ಡಿಪೋ ಮ್ಯಾನೇಜರ್, ವಿಭಾಗೀಯ ನಿಯಂತ್ರಣಾಧಿಕಾರಿ ಕೈಯಾಗ ಅದ. ಆದ್ರ ಪತ್ರ ಓದಿ ಸುಮ್ನ ಕೂಡ್ಲಾಕ ಆಗ್ಲಿಲ್ಲ. ಶಕ್ತಿ ಯೋಜನಾ 2023ರ ಜೂನ್ 11ಕ್ಕ ಚಾಲೂ ಆತು, ಟಿಕೆಟ್ ಫ್ರೀ ಆತು, ಬಸ್ಸೇ ಇಲ್ದ ಊರಿಗಿ ಅದರಿಂದ ಏನು ಬಂತು ಅಂತ ನೀ ಕೇಳಿದ್ದಕ್ಕ ನನ್ನ ಹತ್ರ ಉತ್ತರ ಇಲ್ಲ. ನಿಮ್ಮ ಶಾಸಕರಿಗಿ ಫೋನ್ ಮಾಡಿ ಹೇಳೀನಿ, ಡಿಪೋಕ್ಕೂ ಮಾತಾಡೀನಿ. ಅವ್ರು ಎರಡು ಕೇಳ್ಯಾರ, ತಾಂಡಾದಿಂದ ದಿನಾ ಎಷ್ಟು ಮಕ್ಕಳು ಹೋಗ್ತೀರಿ, ಮತ್ತ ತಾಂಡಾದ ಹತ್ರ ಬಸ್ ತಿರುಗ್ಲಾಕ ಜಾಗ ಅದನಾ ಇಲ್ಲಾ ಅಂತ. ನೀವೆಲ್ಲಾ ಹುಡುಗ್ಯಾರು ಕೂಡಿ ಹೆಸರು, ಕಾಲೇಜು, ಹೊತ್ತು ಬರದು ಒಂದು ಹಾಳಿ ತಯಾರ ಮಾಡ್ರಿ, ಬಸ್ ತಿರುಗೋ ಜಾಗ ಮೊಬೈಲಿನಾಗ ಫೋಟೋ ಹೊಡದು ಪತ್ರಿಕಿ ಆಫೀಸಿಗಿ ಕಳಿಸ್ರಿ, ನಾ ತರಸ್ಕೊಳ್ತೀನಿ. ಲಾಂಗ್‌ಬುಕ್ಕಿನಾಗ ನಿಮ್ಮ ತಾಂಡಾದ ಹೆಸರು ಬರದೀನಿ, ಮುಂದ "ಡಿಪೋ ಉತ್ತರ ಬರ್ಬೇಕು" ಅಂತ ಬರದು ಖಾಲಿ ಜಾಗ ಬಿಟ್ಟೀನಿ. ಬಸ್ ಬರ್ತದ ಅಂತ ನಾ ಹೇಳಂಗಿಲ್ಲ. ಅವ್ರು ಏನು ಹೇಳಿದ್ರು ಅಂತ ಮುಂದಿನ ಸಂಚಿಕಿನಾಗ ಇದೇ ಜಾಗದಾಗ ಬರೀತೀನಿ.